ಟ್ರೇಸ್ ಮಾಡಿದ ಚಿತ್ರದ ಹಿಂದಿನ ಬಿಳಿ

ವಿನೈಲ್ ಕತ್ತರಿಸುವ ಮಷೀನಿಗೆ ಬಣ್ಣ ಕಾಣುವುದಿಲ್ಲ. ಅದಕ್ಕೆ ಕಾಣುವುದು ಗೆರೆ ಮಾತ್ರ. ಫೈಲಿನಲ್ಲಿ ಎಲ್ಲೆಲ್ಲಿ ಪಾತ್, ಅಂದರೆ ಆಕಾರದ ಗಡಿಗೆರೆ, ಇದೆಯೋ ಅಲ್ಲೆಲ್ಲ ಬ್ಲೇಡು ಓಡುತ್ತದೆ. ಒಳಗೆ ತುಂಬಿರುವುದು ಕೆಂಪೋ ಕಪ್ಪೋ ಬಿಳಿಯೋ, ಅದರ ತಲೆನೋವಲ್ಲ. ಹಾಗಾಗಿ ಲೋಗೋದ ಹಿಂದೆ ಒಂದು ಬಿಳಿ ಚೌಕ ಉಳಿದುಕೊಂಡಿದ್ದರೆ, ನಮ್ಮ ಕಣ್ಣಿಗೆ ಅದು ಬೀಳದಿದ್ದರೂ ಮಷೀನು ಅದನ್ನೂ ನೀಟಾಗಿ ಕತ್ತರಿಸಿಕೊಡುತ್ತದೆ.

ಸ್ಟಿಕ್ಕರ್ ಕಟ್ ಮಾಡುವವರಿಗೆ, ಟೀ ಶರ್ಟ್ ಪ್ರಿಂಟ್ ಮಾಡುವವರಿಗೆ ಫೈಲು ಸರಿಮಾಡಿ ಕೊಡುವುದು ನನ್ನ ಕೆಲಸ. ದಿನಾ ಬರುವ ಮೆಸೇಜು ಒಂದೇ ತರಹದ್ದು. "ಮೇಡಂ, ಬ್ಯಾಕ್‌ಗ್ರೌಂಡ್ ತೆಗೆದು ಕಳಿಸಿದ್ದೀನಿ, ನೋಡಿ." ಫೈಲು ತೆರೆದ ಕೂಡಲೇ ನಾನು ಮಾಡುವ ಮೊದಲ ಕೆಲಸ, ಪೇಜಿಗಿಂತ ದೊಡ್ಡದಾದ ಒಂದು ಆಯತ ಎಳೆದು, ಅದಕ್ಕೆ ಕಣ್ಣು ಕುಕ್ಕುವ ಗುಲಾಬಿ ಬಣ್ಣ ತುಂಬಿ, ಎಲ್ಲದರ ಅಡಿಗೆ ಕಳಿಸುವುದು. ಗೆರೆಯ ಚಿತ್ರ ಮಾಡುವ ಇಂಕ್‌ಸ್ಕೇಪ್ ಅನ್ನುವ ಸಾಫ್ಟ್‌ವೇರಿನಲ್ಲಿ ಎಂಡ್ ಕೀ ಒತ್ತಿದರೆ ಸಾಕು, ಆಯ್ಕೆಯಾದದ್ದು ತಳಕ್ಕೆ ಹೋಗುತ್ತದೆ. ಆಗ ನಿಜ ಹೊರಬೀಳುತ್ತದೆ. ಗುಲಾಬಿಯ ಮೇಲೆ ದೊಡ್ಡ ಬಿಳಿ ಚೌಕ, ಅದರ ಮಧ್ಯೆ ಲೋಗೋ.

ಅವರು ಸುಳ್ಳು ಹೇಳಿದ್ದಲ್ಲ. ಪರದೆಯೂ ಬಿಳಿ, ಪೇಜೂ ಬಿಳಿ, ಚಿತ್ರದ ಹಿನ್ನೆಲೆಯೂ ಬಿಳಿ. ಈ ಮೂರರಲ್ಲಿ ಯಾವುದು ಖಾಲಿ, ಯಾವುದು ಬಣ್ಣ ಅಂತ ನೋಡಿ ಹೇಳಲು ಆಗುವುದಿಲ್ಲ. ಅದೇ ತರಹದ ಇನ್ನೊಂದು ಸಾಫ್ಟ್‌ವೇರ್ ಇಲ್ಲಸ್ಟ್ರೇಟರ್‌ನಲ್ಲಿ ಕಂಟ್ರೋಲ್, ಶಿಫ್ಟ್, ಡಿ ಒತ್ತಿದರೆ ಖಾಲಿ ಇರುವ ಕಡೆ ಹಿಂದೆ ಚೌಕುಳಿ ಕಾಣುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಅದೇ ಕೀಗಳು ಡಾಕ್ಯುಮೆಂಟ್ ಪ್ರಾಪರ್ಟೀಸ್ ತೆರೆಯುತ್ತವೆ, ಚೌಕುಳಿ ಹಾಕಿಕೊಳ್ಳುವ ಆಯ್ಕೆ ಅಲ್ಲಿದೆ. ಆದರೂ ನನಗೆ ಗುಲಾಬಿಯೇ ಇಷ್ಟ. ಚೌಕುಳಿಯಲ್ಲಿ ಬಿಳಿ ಮತ್ತು ತಿಳಿ ಬೂದು ಇರುವುದರಿಂದ ಸಣ್ಣ ಬಿಳಿ ಚೂರುಗಳು ಅದರೊಳಗೇ ಅಡಗಿಬಿಡುತ್ತವೆ.

ಈ ಬಿಳಿ ಎಲ್ಲಿಂದ ಬರುತ್ತದೆ ಅನ್ನುವುದನ್ನು ಹೇಳಬೇಕು. ಯಾಕೆಂದರೆ ಎಷ್ಟೋ ಸಲ ಅದನ್ನು ತೆಗೆಯುವ ಕಷ್ಟವೇ ಬೇಕಿಲ್ಲ, ಬರದ ಹಾಗೆ ನೋಡಿಕೊಂಡರೆ ಆಯಿತು.

ಟ್ರೇಸ್ ಅಂದರೆ ಪಿಕ್ಸೆಲ್ಲುಗಳ, ಅಂದರೆ ಬಣ್ಣದ ಚುಕ್ಕೆಗಳ ಚಿತ್ರವನ್ನು ಪಾತ್‌ಗಳಾಗಿ ಮಾಡುವುದು. ಇಂಕ್‌ಸ್ಕೇಪ್‌ನ ಟ್ರೇಸ್ ಬಿಟ್‌ಮ್ಯಾಪ್ ಒಳಗೆ ಈ ಕೆಲಸ ಮಾಡುವುದು ಪೊಟ್ರೇಸ್ ಅನ್ನುವ ಪ್ರೋಗ್ರಾಂ. ಪೀಟರ್ ಸೆಲಿಂಗರ್ ಅನ್ನುವ ಗಣಿತದ ಪ್ರೊಫೆಸರ್ 2001ರಲ್ಲಿ ಬಿಡುಗಡೆ ಮಾಡಿದ್ದು. ಅದಕ್ಕೆ ಗೊತ್ತಿರುವುದು ಎರಡೇ, ಕಪ್ಪು ಮತ್ತು ಬಿಳಿ. ಬೂದು ಕೂಡ ಗೊತ್ತಿಲ್ಲ. ಕಪ್ಪು ಪಿಕ್ಸೆಲ್ಲುಗಳ ಗುಂಪು ಎಲ್ಲಿ ಮುಗಿದು ಬಿಳಿ ಎಲ್ಲಿ ಶುರುವಾಗುತ್ತದೋ ಆ ಗಡಿ ಹಿಡಿದು ಹೋಗುತ್ತದೆ. ಗಡಿಯನ್ನು ಮೊದಲು ಬಹುಭುಜ ಮಾಡಿ, ಆಮೇಲೆ ನುಣುಪಾದ ಬೆಜಿಯೆ ಗೆರೆ ಮಾಡುತ್ತದೆ. ಕೊನೆಗೆ ಕೈಗೆ ಕೊಡುವುದು ಕಪ್ಪಿನ ಆಕಾರ ಮಾತ್ರ. ಬಿಳಿಯನ್ನು ಅದು ಕೊಡುವುದೇ ಇಲ್ಲ.

ಅಂದರೆ ಸಿಂಗಲ್ ಸ್ಕ್ಯಾನ್‌ನಲ್ಲಿ, ಒಂದೇ ಬಣ್ಣದ ಟ್ರೇಸಿನಲ್ಲಿ, ಬ್ರೈಟ್‌ನೆಸ್ ಕಟಾಫ್ ಬಳಸಿ ಟ್ರೇಸ್ ಮಾಡಿದರೆ ಹಿನ್ನೆಲೆ ಅನ್ನುವ ಪ್ರಶ್ನೆಯೇ ಇಲ್ಲ. ಬಿಳಿ ಕಾಗದದ ಮೇಲೆ ಕಪ್ಪು ಸಹಿ, ಒಂದೇ ಬಣ್ಣದ ಮುದ್ರೆ, ಪೆನ್ನಿನಲ್ಲಿ ಬರೆದ ಚಿತ್ರ, ಇವಕ್ಕೆಲ್ಲ ಇದೇ ದಾರಿ. ಎಷ್ಟು ಗಾಢ ಇದ್ದರೆ ಕಪ್ಪು ಅಂತ ಎಣಿಸಬೇಕು ಅನ್ನುವ ಥ್ರೆಶೋಲ್ಡ್ ಮೊದಲಿಗೆ 0.45 ಅಂತ ಇರುತ್ತದೆ. ಗೆರೆ ಸೊರಗಿದರೆ ಏರಿಸಿ, ಗೆರೆಗಳು ಒಂದಕ್ಕೊಂದು ಅಂಟಿಕೊಂಡರೆ ಇಳಿಸಿ. ಆದರೆ ಜನ ಏನು ಮಾಡುತ್ತಾರೆ ಅಂದರೆ, ಬಣ್ಣದ ಟ್ರೇಸ್ ಜಾಸ್ತಿ ಚೆನ್ನಾಗಿರುತ್ತದೆ ಅಂದುಕೊಂಡು ಕಪ್ಪು ಲೋಗೋವನ್ನು ಎಂಟು ಬಣ್ಣದಲ್ಲಿ ಟ್ರೇಸ್ ಮಾಡುತ್ತಾರೆ. ಕಪ್ಪು ಒಂದು, ಬಿಳಿ ಒಂದು, ಅಂಚಿನ ಬೂದುಗಳು ಆರು. ಆಮೇಲೆ ಆ ಆರನ್ನೂ ಅಳಿಸುತ್ತಾ ಕೂರುತ್ತಾರೆ. ಒಂದೇ ಬಣ್ಣದ ಕೆಲಸಕ್ಕೆ ಬಹುಬಣ್ಣದ ಟ್ಯಾಬ್ ಮುಟ್ಟಬೇಡಿ.

ಸಿಂಗಲ್ ಸ್ಕ್ಯಾನ್ ಮಾಡಿದ ಮೇಲೂ "ಹಿನ್ನೆಲೆ ಹಾಗೇ ಇದೆ" ಅನ್ನುವವರಿದ್ದಾರೆ. ಅಲ್ಲಿ ಇರುವುದು ಹಿನ್ನೆಲೆಯಲ್ಲ, ಮೂಲ ಚಿತ್ರವೇ. ಇಂಕ್‌ಸ್ಕೇಪ್ ಹೊಸ ಪಾತನ್ನು ಹಳೆಯ ಚಿತ್ರದ ಮೇಲೆ ಸರಿಯಾಗಿ ಅದೇ ಜಾಗದಲ್ಲಿ ಕೂರಿಸುತ್ತದೆ. ಮೇಲಿನದನ್ನು ಎಳೆದು ಪಕ್ಕಕ್ಕಿಡಿ, ಅಡಿಯಲ್ಲಿರುವುದನ್ನು ಅಳಿಸಿ. ಅಷ್ಟೇ.

ಇನ್ನೊಂದು ತಮಾಷೆ ಇದೆ. ಹಿನ್ನೆಲೆ ಇಲ್ಲದ ಪಿಎನ್‌ಜಿಯಲ್ಲಿ ಬಿಳಿ ಲೋಗೋ ಇದ್ದರೆ ಟ್ರೇಸ್ ಮಾಡಿದಾಗ ಏನೂ ಬರುವುದಿಲ್ಲ. ಇಂಕ್‌ಸ್ಕೇಪ್ ಪಾರದರ್ಶಕ ಜಾಗವನ್ನು ಬಿಳಿ ಅಂತಲೇ ಲೆಕ್ಕ ಹಾಕುತ್ತದೆ. ಬಿಳಿಯ ಮೇಲೆ ಬಿಳಿ, ಗಡಿ ಎಲ್ಲಿ ಸಿಗಬೇಕು? ಇನ್ವರ್ಟ್ ಒತ್ತಿದರೂ ಇಡೀ ಚೌಕ ಕಪ್ಪಾಗುತ್ತದೆಯೇ ಹೊರತು ಲೋಗೋ ಬರುವುದಿಲ್ಲ. ಮೊದಲು ಫೋಟೋ ತಿದ್ದುವ ಗಿಂಪ್ ಸಾಫ್ಟ್‌ವೇರಿನಲ್ಲಿ ಆ ಲೋಗೋಗೆ ಕಪ್ಪು ಬಣ್ಣ ಹಾಕಿ, ಆಮೇಲೆ ಟ್ರೇಸ್ ಮಾಡಬೇಕು.

ಇಲ್ಲಿಯವರೆಗೆ ಸುಲಭ. ಬಣ್ಣದ ಚಿತ್ರಕ್ಕೆ ಬಂದಾಗ ನಿಜವಾದ ಗೊಂದಲ ಶುರು.

ಒಂದು ಗೂಬೆಯ ಚಿತ್ರ ಅಂತ ಇಟ್ಟುಕೊಳ್ಳಿ. ಕಂದು ಮೈ, ಕಿತ್ತಳೆ ಕೊಕ್ಕು, ದಪ್ಪ ಕಪ್ಪು ಗೆರೆ, ದೊಡ್ಡ ಬಿಳಿ ಕಣ್ಣುಗಳು, ಹಿಂದೆ ಬಿಳಿ ಕಾಗದ. ನಮಗೆ ಕಣ್ಣಿನ ಬಿಳಿ ಬೇಕು, ಕಾಗದದ ಬಿಳಿ ಬೇಡ. ಸಾಫ್ಟ್‌ವೇರಿಗೆ ಎರಡೂ ಒಂದೇ. ಕಣ್ಣು ಯಾವುದು ಕಾಗದ ಯಾವುದು ಅಂತ ಅದಕ್ಕೆ ತಿಳಿಯುವುದಿಲ್ಲ, ತಿಳಿಯಬೇಕು ಅಂತ ಬಯಸುವುದೂ ತಪ್ಪು. "ಬಿಳಿ ಬಿಟ್ಟುಬಿಡು" ಅನ್ನುವ ಆಯ್ಕೆ ಯಾವ ಸಾಫ್ಟ್‌ವೇರಿನಲ್ಲಿದ್ದರೂ ಅದು ಎರಡನ್ನೂ ಬಿಡುತ್ತದೆ. ಬಿಳಿ ಪರದೆಯಲ್ಲಿ ಗೂಬೆ ಚೆನ್ನಾಗಿಯೇ ಕಾಣುತ್ತದೆ. ಅದೇ ಗೂಬೆಯನ್ನು ಕೆಂಪು ಟೀ ಶರ್ಟಿನ ಮೇಲೆ ಹಾಕಿದಾಗ ಕಣ್ಣು ಕೆಂಪಗಾಗಿ, ರಾತ್ರಿಯೆಲ್ಲ ನಿದ್ದೆಗೆಟ್ಟ ಹಾಗೆ ಕೂತಿರುತ್ತದೆ.

ಇಂಕ್‌ಸ್ಕೇಪ್‌ನ ಬಹುಬಣ್ಣದ ಟ್ಯಾಬಿನಲ್ಲಿ ನೋಡಬೇಕಾದ ಟಿಕ್ ಬಾಕ್ಸುಗಳು ಎರಡು, ಸ್ಟ್ಯಾಕ್ ಮತ್ತು ರಿಮೂವ್ ಬ್ಯಾಕ್‌ಗ್ರೌಂಡ್. ಎರಡನೆಯದರ ಹೆಸರು ನೋಡಿ ಎಲ್ಲರೂ ಅದನ್ನೇ ಒತ್ತುತ್ತಾರೆ. ಆದರೆ ಎಲ್ಲ ಅವಲಂಬಿಸಿರುವುದು ಮೊದಲನೆಯದರ ಮೇಲೆ.

ಸ್ಟ್ಯಾಕ್ ಆನ್ ಇದ್ದರೆ ಬಣ್ಣಗಳು ಒಂದರ ಮೇಲೊಂದು ಕೂರುತ್ತವೆ. ತಳದಲ್ಲಿ ಇಡೀ ಚಿತ್ರದ ಅಳತೆಯ ಒಂದು ಹಾಳೆ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಮಧ್ಯೆ ಬಿರುಕು ಬರುವುದಿಲ್ಲ, ಪ್ರಿಂಟಿಗೆ ಒಳ್ಳೆಯದು. ರಿಮೂವ್ ಬ್ಯಾಕ್‌ಗ್ರೌಂಡ್ ಅನ್ನುವುದು ತಳದ ಹಾಳೆಯನ್ನು ತೆಗೆಯುತ್ತದೆ, ಅಷ್ಟೇ. ಅದು ನಿಜವಾಗಿ ಹಿನ್ನೆಲೆಯೋ ಅಲ್ಲವೋ ನೋಡುವುದಿಲ್ಲ. ನಮ್ಮ ಗೂಬೆಯಲ್ಲಿ ತಳದ ಹಾಳೆ ಬಿಳಿಯಾಗಿದ್ದರೆ, ಕಣ್ಣಿನ ಬಿಳಿ ಅನ್ನುವುದು ಮೇಲಿನ ಪದರಗಳ ತೂತಿನಿಂದ ಇಣುಕುತ್ತಿರುವ ಅದೇ ಹಾಳೆ. ಹಾಳೆ ಹೋದರೆ ಕಣ್ಣೂ ಹೋಯಿತು. ಗಾಢ ಬಣ್ಣದ ಹಿನ್ನೆಲೆಯ ಮೇಲೆ ತಿಳಿ ಬಣ್ಣದ ಚಿತ್ರ ಇದ್ದಾಗಲಂತೂ ನೋಡಿಯೇ ಒತ್ತಬೇಕು. ಬೇಡದ ಪದರ ಉಳಿದು ಬೇಕಾದದ್ದು ಹೋಗಬಹುದು.

ಸ್ಟ್ಯಾಕ್ ಆಫ್ ಮಾಡಿದರೆ ಬಣ್ಣಗಳು ಒಂದರ ಪಕ್ಕ ಒಂದು ಕೂರುತ್ತವೆ. ಇಲ್ಲೊಂದು ಒಳ್ಳೆಯ ವಿಷಯ ಇದೆ, ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಈಗ ಬಿಳಿಯೆಲ್ಲ ಸೇರಿ ಒಂದೇ ಪಾತ್ ಆಗಿರುತ್ತದೆ. ಅದರಲ್ಲಿ ಏನೇನಿದೆ? ಹೊರಗಿನ ಚೌಕ. ಚೌಕದ ಮಧ್ಯೆ ಗೂಬೆಯ ಆಕಾರದ ತೂತು. ತೂತಿನೊಳಗೆ ಎರಡು ಬಿಳಿ ಕಣ್ಣುಗಳು. ಮೊದಲು ಗುಂಪು ಬಿಡಿಸಿ, ಅದಕ್ಕೆ ಕಂಟ್ರೋಲ್, ಶಿಫ್ಟ್, ಜಿ. ಆಮೇಲೆ ಈ ಬಿಳಿ ಪಾತ್ ಒಂದನ್ನೇ ಹಿಡಿದು ಬ್ರೇಕ್ ಅಪಾರ್ಟ್ ಮಾಡಿ, ಅದಕ್ಕೆ ಕಂಟ್ರೋಲ್, ಶಿಫ್ಟ್, ಕೆ. ತುಂಡುಗಳು ಬೇರೆಬೇರೆಯಾಗುತ್ತವೆ. ಚೌಕವನ್ನು ಅಳಿಸಿ. ಕಣ್ಣುಗಳನ್ನು ಬಿಡಿ.

ಉಳಿದದ್ದು ಆ ತೂತು. ಬ್ರೇಕ್ ಅಪಾರ್ಟ್ ಆದ ಮೇಲೆ ಅದು ತೂತಲ್ಲ, ಗೂಬೆಯ ಹೊರ ಆಕಾರದ ಇಡೀ ಬಿಳಿ ತುಂಡು. ಕೆಲವು ಸಲ ಅದು ಬೇರೆ ಬಣ್ಣಗಳ ಮೇಲೆ ಕೂತು ಗೂಬೆಯನ್ನೇ ಮುಚ್ಚಿಬಿಡುತ್ತದೆ. ಜನ ಗಾಬರಿಯಾಗಿ ಅನ್‌ಡೂ ಒತ್ತುವುದು ಇಲ್ಲೇ. ಒತ್ತಬೇಡಿ. ಆ ತುಂಡು ಬಂಗಾರ. ಅದನ್ನು ಎಂಡ್ ಕೀಯಿಂದ ತಳಕ್ಕೆ ಕಳಿಸಿ. ಈಗ ಗೂಬೆಗೆ ಸರಿಯಾಗಿ ಹೊಂದುವ ಅಡಿಪಾಯ ಸಿಕ್ಕಿತು. ಸ್ಟ್ಯಾಕ್ ಇಲ್ಲದ ಟ್ರೇಸಿನಲ್ಲಿ ಬಣ್ಣ ಬಣ್ಣದ ನಡುವೆ ಕೂದಲೆಳೆಯ ಬಿರುಕು ಬರುತ್ತದೆ ಅಲ್ವಾ, ಈ ತುಂಡಿಗೆ ಬಿಳಿ ಬದಲು ಹೊರಗೆರೆಯ ಕಪ್ಪು ಬಣ್ಣ ಕೊಟ್ಟುಬಿಟ್ಟರೆ ಆ ಬಿರುಕುಗಳು ಕಪ್ಪಲ್ಲಿ ಮುಚ್ಚಿಹೋಗುತ್ತವೆ. ಕಣ್ಣುಗಳು ಬೇರೆ ತುಂಡುಗಳಾಗಿ ಮೇಲೆಯೇ ಇರುವುದರಿಂದ ಅವಕ್ಕೇನೂ ಆಗುವುದಿಲ್ಲ. ಸ್ಟಿಕ್ಕರ್ ಆದರೆ ಇದೇ ಆಕಾರದ ಇನ್ನೊಂದು ಪ್ರತಿ ತೆಗೆದು, ಔಟ್‌ಸೆಟ್ ಮಾಡಿ ಸ್ವಲ್ಪ ಹಿಗ್ಗಿಸಿದರೆ ಕಟ್ ಮಾಡುವ ಗೆರೆಯೂ ಸಿಕ್ಕಿತು. ಹಿನ್ನೆಲೆ ತೆಗೆಯಲು ಹೋಗಿ ಸ್ಟಿಕ್ಕರಿನ ಅರ್ಧ ಕೆಲಸ ಮುಗಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ನಾನು ಹೆಚ್ಚಾಗಿ ಮಾಡುವುದು ಇದಲ್ಲ. ಟ್ರೇಸ್ ಮಾಡುವ ಮುಂಚೆಯೇ ಹಿನ್ನೆಲೆಗೆ ಬಣ್ಣ ಬಳಿದುಬಿಡುತ್ತೇನೆ.

ಗಿಂಪ್‌ನಲ್ಲಿ ಚಿತ್ರ ತೆರೆದು, ಫಝಿ ಸೆಲೆಕ್ಟ್ ಹಿಡಿದು, ಕಾಗದದ ಬಿಳಿಯ ಮೇಲೆ ಒಂದು ಕ್ಲಿಕ್. ಈ ಟೂಲು ಒಂದಕ್ಕೊಂದು ತಾಗಿಕೊಂಡಿರುವ ಪಿಕ್ಸೆಲ್ಲುಗಳನ್ನು ಮಾತ್ರ ಹಿಡಿಯುತ್ತದೆ. ಕಣ್ಣಿನ ಬಿಳಿ ಕಪ್ಪು ಗೆರೆಯ ಒಳಗಿದೆ, ಅದನ್ನು ಮುಟ್ಟುವುದಿಲ್ಲ. ಬಾಲ ಮತ್ತು ಕೊಂಬೆಯ ನಡುವೆ ಸಿಕ್ಕಿಕೊಂಡ ಕಾಗದದ ತುಂಡುಗಳಿದ್ದರೆ ಶಿಫ್ಟ್ ಒತ್ತಿ ಹಿಡಿದು ಅವನ್ನೂ ಕ್ಲಿಕ್ ಮಾಡಿ. ಈಗ ಆ ಆಯ್ಕೆಗೆ ಗೂಬೆಯಲ್ಲಿ ಎಲ್ಲೂ ಇಲ್ಲದ ಒಂದು ಬಣ್ಣ ತುಂಬಿ. ಗಾಢ ಹಸಿರು ಆಗಬಹುದು, ಗುಲಾಬಿ ಆಗಬಹುದು. ಚಿತ್ರದಲ್ಲಿ ಎಲೆ ಇದ್ದರೆ ಹಸಿರು ಬೇಡ.

ಈಗ ಟ್ರೇಸ್ ಮಾಡಿ. ಬಣ್ಣಗಳ ಸಂಖ್ಯೆಗೆ ಒಂದು ಜಾಸ್ತಿ ಕೊಡಿ, ಹಿನ್ನೆಲೆಯ ಹೊಸ ಬಣ್ಣಕ್ಕೂ ಒಂದು ಸ್ಥಾನ ಬೇಕಲ್ಲ. ಸ್ಟ್ಯಾಕ್ ಆಫ್ ಇರಲಿ. ಬಂದ ಟ್ರೇಸಿನಲ್ಲಿ ಹಸಿರು ತುಂಡನ್ನು ಹಿಡಿದು ಅಳಿಸಿ. ಚೂರುಚೂರಾಗಿ ಹಂಚಿಹೋಗಿದ್ದರೆ ಎಡಿಟ್ ಮೆನುವಿನ ಸೆಲೆಕ್ಟ್ ಸೇಮ್‌ನಲ್ಲಿ ಫಿಲ್ ಕಲರ್ ಇದೆ, ಎಲ್ಲ ಹಸಿರೂ ಒಟ್ಟಿಗೆ ಆಯ್ಕೆಯಾಗುತ್ತದೆ. ಯಾವುದು ಬೇಕು ಯಾವುದು ಬೇಡ ಅಂತ ಊಹಿಸುವ ಕಷ್ಟ ಸಾಫ್ಟ್‌ವೇರಿಗೂ ಇಲ್ಲ, ನಮಗೂ ಇಲ್ಲ.

ಇದರಲ್ಲಿ ಎರಡು ಕಡೆ ಎಚ್ಚರ ಬೇಕು. ಮೊದಲನೆಯದು ಗೆರೆಯಲ್ಲಿ ಬಿಟ್ಟ ಜಾಗ. ಕೈಯಲ್ಲಿ ಬರೆದ ಚಿತ್ರದಲ್ಲಿ ಎಲ್ಲೋ ಒಂದು ಕಡೆ ಹೊರಗೆರೆ ಕೂಡಿರುವುದಿಲ್ಲ. ಆ ಸಂದಿಯಿಂದ ಆಯ್ಕೆ ಒಳಗೆ ಸೋರಿ ಗೂಬೆಯ ಹೊಟ್ಟೆಯೂ ಹಸಿರಾಗುತ್ತದೆ. ಸಣ್ಣ ಬ್ರಷ್ ಹಿಡಿದು ಸಂದಿ ಮುಚ್ಚಿ, ಮತ್ತೆ ಕ್ಲಿಕ್ ಮಾಡಿ.

ಎರಡನೆಯದು ಅಂಚು. ದೊಡ್ಡದು ಮಾಡಿ ನೋಡಿದರೆ ಕಪ್ಪು ಗೆರೆಗೂ ಬಿಳಿ ಕಾಗದಕ್ಕೂ ಮಧ್ಯೆ ಬೂದು ಪಿಕ್ಸೆಲ್ಲುಗಳ ಒಂದು ಸಾಲು ಇರುತ್ತದೆ. ಗೆರೆ ಮೆಟ್ಟಿಲು ಮೆಟ್ಟಿಲಾಗಿ ಕಾಣದಿರಲಿ ಅಂತ ಇಟ್ಟದ್ದು. ಫಝಿ ಸೆಲೆಕ್ಟ್ ಈ ಸಾಲನ್ನು ಬಿಟ್ಟುಬಿಡುತ್ತದೆ. ಟ್ರೇಸ್ ಆದಾಗ ಅದು ಗೂಬೆಯ ಸುತ್ತ ತೆಳು ಬೂದು ಉಂಗುರವಾಗಿ ಬರುತ್ತದೆ. ಅದಕ್ಕೆ, ಆಯ್ಕೆ ಮಾಡಿದ ಮೇಲೆ ಬಣ್ಣ ತುಂಬುವ ಮುಂಚೆ, ಸೆಲೆಕ್ಟ್ ಮೆನುವಿನಲ್ಲಿ ಗ್ರೋ ಒತ್ತಿ 1 ಪಿಕ್ಸೆಲ್ ಕೊಡಿ. ಚಿತ್ರ ದೊಡ್ಡದಿದ್ದರೆ 2. ಟೂಲಿನ ಆಂಟಿಅಲಿಯಾಸಿಂಗ್, ಫೆದರ್ ಎರಡನ್ನೂ ಆಫ್ ಮಾಡಿ. ಇಲ್ಲವಾದರೆ ಬೂದು ಹೋಗಿ ಅದರ ಜಾಗದಲ್ಲಿ ಕೊಳಕು ಹಸಿರು ಉಂಗುರ ಬರುತ್ತದೆ. ಹೊರಗೆರೆಯೇ ಇಲ್ಲದ, ಮೆತ್ತನೆ ಅಂಚಿನ ಚಿತ್ರಗಳಲ್ಲಿ ಈ ಉಪಾಯ ಅಷ್ಟು ಚೆನ್ನಾಗಿ ನಡೆಯುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಇಲ್ಲಸ್ಟ್ರೇಟರ್ ಬಳಸುವವರಿಗೆ ದಾರಿ ಚಿಕ್ಕದು. ಇಮೇಜ್ ಟ್ರೇಸ್ ಪ್ಯಾನೆಲ್ಲಿನ ಅಡ್ವಾನ್ಸ್‌ಡ್ ಭಾಗ ತೆರೆದರೆ ಇಗ್ನೋರ್ ವೈಟ್ ಇದೆ. ಹೊಸ ಆವೃತ್ತಿಗಳಲ್ಲಿ ಬಿಳಿಯೇ ಆಗಬೇಕಿಲ್ಲ, ಬೇಡದ ಬಣ್ಣವನ್ನು ನಾವೇ ತೋರಿಸಬಹುದು. ಮೇಲೆ ಹೇಳಿದ ಹಸಿರು ಉಪಾಯ ಇಲ್ಲಿ ಇನ್ನೂ ಸಲೀಸು. ಅಲ್ಲೇ ಮೆಥಡ್ ಅಂತ ಎರಡು ಆಯ್ಕೆ ಇವೆ. ಅಬಟಿಂಗ್ ಅಂದರೆ ಪಕ್ಕಪಕ್ಕ, ಓವರ್‌ಲ್ಯಾಪಿಂಗ್ ಅಂದರೆ ಒಂದರ ಮೇಲೊಂದು. ಇಂಕ್‌ಸ್ಕೇಪ್‌ನ ಸ್ಟ್ಯಾಕ್ ಕಥೆಯೇ ಇದು, ಹೆಸರು ಬೇರೆ. ಟ್ರೇಸ್ ಆದ ಮೇಲೆ ಎಕ್ಸ್‌ಪ್ಯಾಂಡ್ ಒತ್ತದೆ ಯಾವ ತುಂಡನ್ನೂ ಮುಟ್ಟಲಾಗುವುದಿಲ್ಲ. ಎಕ್ಸ್‌ಪ್ಯಾಂಡ್ ಆದ ಮೇಲೆ ಬಿಳಿ ಚೂರುಗಳನ್ನು ಸೆಲೆಕ್ಟ್ ಮೆನುವಿನ ಸೇಮ್, ಫಿಲ್ ಕಲರ್‌ನಿಂದ ಹಿಡಿಯಬಹುದು. ಹಳೆಯ ಪಾಠಗಳಲ್ಲಿ ಲೈವ್ ಟ್ರೇಸ್ ಅಂತ ಇದ್ದರೆ ಹುಡುಕಬೇಡಿ. 2012ರಲ್ಲಿ ಸಿಎಸ್6 ಬಂದಾಗ ಅದು ಹೋಗಿ ಇಮೇಜ್ ಟ್ರೇಸ್ ಬಂತು.

ಕೋರೆಲ್‌ಡ್ರಾದ ಪವರ್‌ಟ್ರೇಸ್ ಈ ವಿಷಯದಲ್ಲಿ ನನಗೆ ಜಾಸ್ತಿ ಇಷ್ಟ, ಮುಚ್ಚುಮರೆ ಯಾಕೆ. ಅಲ್ಲಿ ರಿಮೂವ್ ಬ್ಯಾಕ್‌ಗ್ರೌಂಡ್ ಜತೆಗೆ ಹಿನ್ನೆಲೆಯ ಬಣ್ಣ ಯಾವುದು ಅಂತ ಕೊಳವೆಯಿಂದ ಹೀರಿ ಹೇಳಬಹುದು. ಇನ್ನೊಂದು ಟಿಕ್ ಇದೆ, ಆ ಬಣ್ಣವನ್ನು ಇಡೀ ಚಿತ್ರದಿಂದ ತೆಗೆಯಬೇಕೋ ಬೇಡವೋ ಅಂತ. ಅದನ್ನು ಖಾಲಿ ಬಿಟ್ಟರೆ ಹೊರಗಿನ ಬಿಳಿ ಹೋಗಿ ಕಣ್ಣಿನ ಬಿಳಿ ಉಳಿಯುತ್ತದೆ. ಗೂಬೆಯ ಇಡೀ ರಗಳೆ ಒಂದು ಟಿಕ್ಕಿನಲ್ಲಿ ಮುಗಿಯಿತು.

ಈಗ ಅಕ್ಷರ. ಇದು ನನ್ನ ಹತ್ತಿರ ಬರುವ ಫೈಲುಗಳಲ್ಲಿ ದಿನವೂ ಕಾಣುವ ಗಾಯ. ಕನ್ನಡ ಅಕ್ಷರಗಳಲ್ಲಿ ಎಷ್ಟೊಂದು ಹೊಟ್ಟೆಗಳಿವೆ ನೋಡಿ. ಠ ಒಂದು ಸುತ್ತು, ಸೊನ್ನೆ ಇನ್ನೊಂದು, ಥ ಮತ್ತು ಧಗಳ ಒಳಗೂ ಬಿಳಿ. ಒಂದರ ಮೇಲೊಂದು ಕೂರುವ ರೀತಿಯಲ್ಲಿ ಟ್ರೇಸ್ ಮಾಡಿದರೆ ಕಪ್ಪು ಠ ಅಂದರೆ ತುಂಬಿದ ಕಪ್ಪು ಉಂಡೆ, ಅದರ ಮೇಲೆ ಹೊಟ್ಟೆಯ ಆಕಾರದ ಬಿಳಿ ತುಂಡು ಆಗಿರಬಹುದು. ನೋಡಲು ಸರಿಯಾಗಿದೆ. ಆದರೆ ಹಿನ್ನೆಲೆ ತೆಗೆಯುವ ಭರದಲ್ಲಿ ಬಿಳಿಯೆಲ್ಲವನ್ನೂ ಆರಿಸಿ ಅಳಿಸಿದರೆ ಉಂಡೆ ಮಾತ್ರ ಉಳಿಯುತ್ತದೆ. ಬೋರ್ಡಿನ ತುಂಬ ಕಪ್ಪು ಉಂಡೆಗಳು.

ಹೊಟ್ಟೆಯ ಬಿಳಿಯನ್ನು ಅಳಿಸಬಾರದು, ಅದರಿಂದ ಕೊರೆಯಬೇಕು. ಹೊರಗಿನ ದೊಡ್ಡ ಚೌಕವನ್ನು ಮೊದಲು ತೆಗೆದುಬಿಡಿ. ಉಳಿದ ಬಿಳಿ ತುಂಡುಗಳನ್ನೆಲ್ಲ ಆರಿಸಿ ಯೂನಿಯನ್ ಮಾಡಿ, ಒಂದೇ ಪಾತ್ ಆಗುತ್ತದೆ. ಕಪ್ಪನ್ನೂ ಹಾಗೇ ಒಂದು ಮಾಡಿ. ಎರಡನ್ನೂ ಹಿಡಿದು, ಬಿಳಿ ಮೇಲಿರುವಂತೆ ನೋಡಿಕೊಂಡು, ಇಂಕ್‌ಸ್ಕೇಪ್‌ನಲ್ಲಾದರೆ ಡಿಫರೆನ್ಸ್ ಒತ್ತಿ. ಇಲ್ಲಸ್ಟ್ರೇಟರ್‌ನ ಪಾತ್‌ಫೈಂಡರಿನಲ್ಲಿ ಅದರ ಹೆಸರು ಮೈನಸ್ ಫ್ರಂಟ್. ಈಗ ಠದ ಹೊಟ್ಟೆ ನಿಜವಾದ ತೂತು. ಹಿಂದೆ ಗುಲಾಬಿ ಇಟ್ಟರೆ ಗುಲಾಬಿ ಕಾಣುತ್ತದೆ.

ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ಸರಿಯಾಗಿ ತೂತಿರುವ ಅಕ್ಷರಕ್ಕೆ ಬ್ರೇಕ್ ಅಪಾರ್ಟ್ ಮಾಡಿದರೆ ತೂತುಗಳೆಲ್ಲ ಕಪ್ಪು ತುಂಡುಗಳಾಗಿ ಅಕ್ಷರ ಮುಚ್ಚಿಹೋಗುತ್ತದೆ. ಏನೂ ಹಾಳಾಗಿಲ್ಲ. ಆ ಅಕ್ಷರದ ತುಂಡುಗಳನ್ನು ಮತ್ತೆ ಆರಿಸಿ ಕಂಟ್ರೋಲ್, ಕೆ ಒತ್ತಿದರೆ ಕಂಬೈನ್ ಆಗಿ ತೂತು ವಾಪಸ್ಸು ಬರುತ್ತದೆ. ಹಿನ್ನೆಲೆಯ ಚೌಕ ಅಕ್ಷರಗಳ ಜತೆ ಒಂದೇ ಪಾತ್ ಆಗಿ ಅಂಟಿಕೊಂಡಿದ್ದಾಗ ನಾನು ಬೇಕೆಂದೇ ಹೀಗೆ ಮಾಡುತ್ತೇನೆ. ಒಡೆದು, ಚೌಕ ತೆಗೆದು, ಮತ್ತೆ ಕೂಡಿಸುತ್ತೇನೆ.

ಮೂಲ ಚಿತ್ರದ ಬಗ್ಗೆಯೂ ಹೇಳಬೇಕು. ಮೆಸೇಜಿನಲ್ಲಿ ಬರುವುದೆಲ್ಲ ಜೆಪೆಗ್. ಅದು ಚಿತ್ರವನ್ನು 8×8 ಪಿಕ್ಸೆಲ್ಲುಗಳ ಚೌಕಗಳಾಗಿ ಒಡೆದು ಒತ್ತಿ ಚಿಕ್ಕದು ಮಾಡುತ್ತದೆ. ಚೌಕದಲ್ಲಿ ಒಂದು ಗಟ್ಟಿ ಅಂಚು ಇದ್ದರೆ ಅದರ ಸುತ್ತ ಧೂಳಿನಂಥ ಕಲೆ ಬರುತ್ತದೆ. ಬರಿಗಣ್ಣಿಗೆ ಅದು ಬಿಳಿಯೇ. ಆದರೆ ಪೂರ್ತಿ ಬಿಳಿಯ ಲೆಕ್ಕವಾದ 255 ಇರಬೇಕಾದ ಕಡೆ 254, 251, 247 ಅಂತ ಇರುತ್ತದೆ. ಬಣ್ಣದ ಟ್ರೇಸು ಇವನ್ನೆಲ್ಲ ಎರಡು ಮೂರು ಬಗೆಯ ಬಿಳಿ ಅಂತ ಗುಂಪು ಮಾಡಿ ಕೊಟ್ಟುಬಿಡಬಹುದು. ಆಗ ಒಂದು ಹಿನ್ನೆಲೆ ಅಳಿಸಿದರೆ ಅದರ ಅಡಿಯಲ್ಲಿ ಇನ್ನೊಂದು. ಫಿಲ್ ಕಲರ್ ಹಿಡಿದು ಆರಿಸಿದರೂ ಒಂದು ಬಗೆ ಮಾತ್ರ ಸಿಗುತ್ತದೆ.

ಗಿಂಪ್‌ನಲ್ಲಿ ಲೆವೆಲ್ಸ್ ತೆರೆದು ಬಲಗಡೆಯ ಬಿಳಿ ತ್ರಿಕೋನವನ್ನು 255ರಿಂದ 235ರ ಹತ್ತಿರಕ್ಕೆ ಎಳೆಯಿರಿ. ಅದಕ್ಕಿಂತ ಬೆಳ್ಳಗಿರುವುದೆಲ್ಲ ಪೂರ್ತಿ ಬಿಳಿಯಾಗುತ್ತದೆ. ಕಪ್ಪು ಕಡೆಯ ತ್ರಿಕೋನವನ್ನೂ ಸ್ವಲ್ಪ ಒಳಕ್ಕೆ ತನ್ನಿ. ಈ ಒಂದು ಕೆಲಸದಿಂದ ಉಳಿಯುವ ಸಮಯ ದೊಡ್ಡದು. ಇಷ್ಟಾದರೂ ಉಳಿದ ಧೂಳಿಗೆ ಇಂಕ್‌ಸ್ಕೇಪ್‌ನ ಸ್ಪೆಕಲ್ಸ್ ಏರಿಸಿ, ಅದಕ್ಕಿಂತ ಚಿಕ್ಕ ಚುಕ್ಕೆಗಳು ಟ್ರೇಸ್ ಆಗುವುದಿಲ್ಲ. ಆದರೆ ಚಿತ್ರ ಚಿಕ್ಕದಿದ್ದಾಗ ಜಾಸ್ತಿ ಏರಿಸಿದರೆ ಅನುಸ್ವಾರದ ಹೊಟ್ಟೆಯನ್ನೂ ಧೂಳು ಅಂತ ತಿಳಿದು ಮುಚ್ಚಿಬಿಡಬಹುದು.

ಫೋನಿನಲ್ಲಿ ತೆಗೆದ ಪೆನ್ಸಿಲ್ ಚಿತ್ರದ್ದು ಬೇರೆ ಕಷ್ಟ. ಕಾಗದದ ಒಂದು ಮೂಲೆಗೆ ಕೈಯ ನೆರಳು ಬಿದ್ದಿರುತ್ತದೆ. ಆ ಮೂಲೆಯ ಬಿಳಿ, ಬೆಳಕಿರುವ ಕಡೆಯ ಪೆನ್ಸಿಲ್ ಗೆರೆಗಿಂತಲೂ ಕಪ್ಪಗಿರಬಹುದು. ಯಾವ ಥ್ರೆಶೋಲ್ಡ್ ಇಟ್ಟರೂ ಒಂದೋ ಮೂಲೆ ಕಪ್ಪು ಮುದ್ದೆ, ಇಲ್ಲವೇ ಗೆರೆ ಮಾಯ. ಇದಕ್ಕೆ ಒಂದು ಹಳೆಯ ಉಪಾಯ ಇದೆ. ಲೇಯರಿನ ಪ್ರತಿ ಮಾಡಿ. ಮೇಲಿನ ಪ್ರತಿಗೆ ಗಾಸಿಯನ್ ಬ್ಲರ್ ಕೊಡಿ, ಗೆರೆಗಳೆಲ್ಲ ಕರಗಿ ಬೆಳಕು ನೆರಳು ಮಾತ್ರ ಉಳಿಯುವಷ್ಟು ದೊಡ್ಡದಾಗಿ. ಆ ಲೇಯರಿನ ಮೋಡನ್ನು ಡಿವೈಡ್ ಮಾಡಿ. ಪ್ರತಿ ಪಿಕ್ಸೆಲ್ಲನ್ನೂ ಅದರ ಸುತ್ತಲಿನ ಬೆಳಕಿನಿಂದ ಭಾಗಿಸಿದಂತಾಯಿತು. ನೆರಳಿನಲ್ಲಿರುವ ಕಾಗದವನ್ನು ನೆರಳಿನಿಂದಲೇ ಭಾಗಿಸಿದಾಗ ಬರುವುದು ಬಿಳಿ. ಇಡೀ ಹಾಳೆ ಒಂದೇ ಸಮ ಬೆಳ್ಳಗಾಗಿ ಗೆರೆ ಮಾತ್ರ ನಿಲ್ಲುತ್ತದೆ. ಮೊದಲ ಸಲ ನೋಡಿದವರು ಖುಷಿಪಡುತ್ತಾರೆ. ಗೆರೆಯ ಚಿತ್ರಕ್ಕೆ ಮಾತ್ರ ಇದು. ದೊಡ್ಡ ಕಪ್ಪು ಜಾಗಗಳಿದ್ದರೆ ಬ್ಲರ್ ಆದ ಪ್ರತಿಯೂ ಅಲ್ಲಿ ಕಪ್ಪಗಿರುತ್ತದೆ, ಭಾಗಿಸಿದಾಗ ಮಧ್ಯಭಾಗ ಬೆಳ್ಳಗಾಗಿ ಪೊಳ್ಳಾಗುತ್ತದೆ.

ನಕಲಿ ಚೌಕುಳಿಯ ಬಗ್ಗೆ ಹೇಳದಿದ್ದರೆ ಸಮಾಧಾನ ಇಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿ "ಟ್ರಾನ್ಸ್‌ಪರೆಂಟ್" ಅಂತ ಇಳಿಸಿಕೊಂಡ ಚಿತ್ರದಲ್ಲಿ ಬೂದು ಬಿಳಿ ಚೌಕಗಳು ಚಿತ್ರದ ಭಾಗವಾಗಿಯೇ ಇರುತ್ತವೆ. ಅದನ್ನು ಟ್ರೇಸ್ ಮಾಡಿ ಕಳಿಸುತ್ತಾರೆ. ತೆರೆದರೆ ಸಾವಿರಾರು ಪುಟ್ಟ ಚೌಕ, ಫೈಲು ಅಲ್ಲಾಡುವುದಿಲ್ಲ. ಜೆಪೆಗ್ ಆಗಿದ್ದರೆ ಅನುಮಾನವೇ ಬೇಡ, ಆ ಫಾರ್ಮ್ಯಾಟಿನಲ್ಲಿ ಪಾರದರ್ಶಕತೆ ಇಡಲು ಜಾಗವೇ ಇಲ್ಲ. ಚೌಕುಳಿ ಕಾಣುವ ಜೆಪೆಗ್ ಅಂದರೆ ಅದು ಬಳಿದ ಚೌಕುಳಿ.

ಕಳಿಸುವ ಮುಂಚೆ ನಾನು ಒಮ್ಮೆ ಔಟ್‌ಲೈನ್ ನೋಟ ನೋಡುತ್ತೇನೆ. ಇಂಕ್‌ಸ್ಕೇಪ್‌ನಲ್ಲಿ ಕಂಟ್ರೋಲ್ ಜತೆ ನಂಬರ್ ಪ್ಯಾಡಿನ 5 ಒತ್ತುತ್ತಾ ಹೋದರೆ ಬರುತ್ತದೆ, ಇಲ್ಲಸ್ಟ್ರೇಟರ್‌ನಲ್ಲಿ ಕಂಟ್ರೋಲ್, ವೈ. ಬಣ್ಣಗಳೆಲ್ಲ ಹೋಗಿ ಬರೀ ಗೆರೆ ಕಾಣುತ್ತದೆ. ಮಷೀನಿಗೆ ಕಾಣುವುದು ಇದೇ. ಇಲ್ಲಿ ಅಡಗಿದವರೆಲ್ಲ ಸಿಕ್ಕಿಬೀಳುತ್ತಾರೆ. ಬಣ್ಣವೇ ಇಲ್ಲದ ಚೌಕ, ಮೂಲೆಯಲ್ಲಿ ಒಂಟಿ ಚುಕ್ಕೆ, ಕ್ಲಿಪ್ ಮಾಡಿ ಮರೆಮಾಡಿದ ಹಿನ್ನೆಲೆ. ಕ್ಲಿಪ್ ಮಾಡಿದ್ದು ಹೋಗಿರುವುದಿಲ್ಲ, ಮರೆಯಲ್ಲಿರುತ್ತದೆ ಅಷ್ಟೇ. ಪ್ರಿಂಟಿಗೆ ತೊಂದರೆ ಇಲ್ಲ, ಕಟ್ಟಿಂಗಿಗೆ ತೊಂದರೆ. ಇಲ್ಲಸ್ಟ್ರೇಟರ್‌ನ ಆಬ್ಜೆಕ್ಟ್ ಮೆನುವಿನಲ್ಲಿ ಪಾತ್ ಒಳಗೆ ಕ್ಲೀನ್ ಅಪ್ ಇದೆ, ಬಣ್ಣವಿಲ್ಲದ ತುಂಡುಗಳನ್ನೂ ಒಂಟಿ ಚುಕ್ಕೆಗಳನ್ನೂ ಅದು ಗುಡಿಸಿಬಿಡುತ್ತದೆ.

ಫೋಟೋಗಳನ್ನು ಟ್ರೇಸ್ ಮಾಡಿ ಹಿನ್ನೆಲೆ ತೆಗೆದುಕೊಡಿ ಅಂದರೆ ನಾನು ಒಪ್ಪುವುದಿಲ್ಲ. ಮುಖದ ಮೇಲಿನ ಬೆಳಕು, ಕೂದಲಿನ ಅಂಚು, ಹಿಂದಿನ ಗೋಡೆಯ ಬಣ್ಣ ಎಲ್ಲ ಒಂದರೊಳಗೊಂದು ಬೆರೆತಿರುತ್ತವೆ. ಟ್ರೇಸ್ ಆದ ಮೇಲೆ ಕೆನ್ನೆಯೂ ಗೋಡೆಯೂ ಒಂದೇ ತುಂಡಿನಲ್ಲಿರುತ್ತವೆ. ಫೋಟೋ ಇರುವಾಗಲೇ ಮಾಸ್ಕ್ ಹಾಕಿ ಹಿನ್ನೆಲೆ ಬಿಡಿಸಬೇಕು. ಟ್ರೇಸ್ ಬೇಕೋ ಬೇಡವೋ ಆಮೇಲಿನ ಮಾತು. ಮುಕ್ಕಾಲು ಪಾಲು ಬೇಡ.

ಎರಡು ವೃತ್ತ, ಒಂದು ತ್ರಿಕೋನ, ಒಂದು ಸಾಲು ಅಕ್ಷರ ಇರುವ ಲೋಗೋಗೂ ಟ್ರೇಸ್ ಬೇಡ. ಟ್ರೇಸ್ ಮಾಡಿದ ವೃತ್ತ ಯಾವತ್ತೂ ಪೂರ್ತಿ ದುಂಡಗಿರುವುದಿಲ್ಲ. ಮೂಲ ಚಿತ್ರವನ್ನು ಒಂದು ಲೇಯರಿನಲ್ಲಿ ಮಂಕು ಮಾಡಿ ಲಾಕ್ ಮಾಡುತ್ತೇನೆ. ಅದರ ಮೇಲೆ ವೃತ್ತದ ಟೂಲಿನಿಂದ ವೃತ್ತ ಎಳೆಯುತ್ತೇನೆ, ಉಳಿದದ್ದಕ್ಕೆ ಪೆನ್ ಟೂಲ್. ಅಕ್ಷರಕ್ಕೆ ಅದೇ ಫಾಂಟ್ ಸಿಕ್ಕರೆ ಟೈಪ್ ಮಾಡಿ ಪಾತ್ ಮಾಡುತ್ತೇನೆ. ಹಿನ್ನೆಲೆ ತೆಗೆಯುತ್ತಾ ಕೂರುವುದಕ್ಕಿಂತ ಇದು ಬೇಗ ಮುಗಿಯುತ್ತದೆ. ಕೊನೆಯಲ್ಲಿ ಆ ಮಂಕು ಲೇಯರಿನ ಲಾಕ್ ತೆಗೆದು ಅದನ್ನು ಅಳಿಸಿ, ಗುಲಾಬಿ ಆಯತವನ್ನೂ ಅಳಿಸಿ, ಆಮೇಲೆ ಸೇವ್ ಮಾಡಿ. ಗುಲಾಬಿ ಹಾಗೇ ಉಳಿದರೆ ಬ್ಲೇಡು ಅದನ್ನೂ ಕತ್ತರಿಸುತ್ತದೆ.